ಕತ್ತಲೆಯದೊಂದು, ಬಿಳಿ ಗೋಡೆಯದೊಂದು

ಅವರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಕ್ಯಾಮೆರಾಕ್ಕೆ ಬಲಗಣ್ಣು ಒತ್ತಿ ಎಡಗಣ್ಣು ಮುಚ್ಚಿ ಮುಚ್ಚಿ, ಆ ರೆಪ್ಪೆ ಪೂರ್ತಿ ತೆರೆಯುವುದನ್ನೇ ಬಿಟ್ಟಿತ್ತು. ಒಂದು ಮದುವೆಯಲ್ಲಿ ಮುದುಕಿಯೊಬ್ಬಳು, “ಯಾರಿಗೆ ಕಣ್ಣ ಹೊಡಿಯಾಕತ್ತೀಯೋ, ನನಗೇನು?” ಎಂದು ಗದರಿದಳು. “ನಿಮಗಲ್ಲದ ಮತ್ಯಾರಿಗ್ರಿ ಅವ್ವಾರ” ಎಂದರು ಇವರು. ಆಕೆ ಬೊಚ್ಚು ಬಾಯಿ ತೆರೆದು ನಕ್ಕಳು. ಅಂದಿನ ಫೋಟೊಗಳಲ್ಲೆಲ್ಲ ಚೆನ್ನಾಗಿ ಬಂದದ್ದು ಆ ನಗುವೇ.

ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರ ಅವರ ಸ್ಟುಡಿಯೊ ಇತ್ತು. ನಾವೆಲ್ಲ ಸ್ಟುಡಿಯೊ ಕಾಕಾ ಅನ್ನುತ್ತಿದ್ದೆವು. ನಾನು ಸವಣೂರಿನವನು. ಮದುವೆ ಫೋಟೊ ತೆಗೆಯುವ ಕೆಲಸ ಕಲಿತದ್ದು ಅವರ ಹತ್ತಿರ.

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಫೋಟೊಗ್ರಾಫರುಗಳದು ಮೊಬೈಲಿನಲ್ಲಿ ಒಂದು ಗ್ರೂಪ್ ಇದೆ. ಲೆನ್ಸ್ ಬಾಡಿಗೆಗೆ ಕೇಳುವುದು, ಸೀಜನ್ನಿನಲ್ಲಿ ಕೆಲಸ ಹಂಚಿಕೊಳ್ಳುವುದು ಎಲ್ಲ ಅದರಲ್ಲೇ. ದೂರುಗಳೂ ಅಲ್ಲೇ. “ಫೋಟೊದಾಗ ಕಲೆ ಬರಾಕತ್ತಾವ, ಸೆನ್ಸರ್ ಹೋಗೇತಿ” ಎಂದು ಒಬ್ಬ ಹಾಕಿದರೆ ಸಾಕು, ಉಳಿದವರು ಕಂಪನಿಯನ್ನೋ ಮಾರಿದವನನ್ನೋ ಬಯ್ಯಲು ಶುರುಮಾಡುತ್ತಿದ್ದರು. ಸೆನ್ಸರ್ ಅಂದರೆ ಬೆಳಕು ಬಿದ್ದು ಚಿತ್ರ ಮೂಡುವ ಜಾಗ. ಅದು ಕೆಟ್ಟರೆ ಕ್ಯಾಮೆರಾ ಕೆಟ್ಟಂತೆಯೇ.

ಕಾಕಾ ಮಾತ್ರ ಪ್ರತಿ ಸಲವೂ ಒಂದೇ ಬರೆಯುತ್ತಿದ್ದರು. “ಎರಡ ಫೋಟೊ ಕಳಸ್ರಿ. ಮುಚ್ಚಳ ಹಾಕಿ ಕತ್ತಲಿದೊಂದು, ಬಿಳಿ ಗ್ವಾಡಿದೊಂದು. ಅಲ್ಲೀತನಕ ಯಾರೂ ಬಾಯಿ ಮಾಡಬ್ಯಾಡ್ರಿ.” ಕತ್ತಲೆಯಲ್ಲಿ ಹೊಳೆಯುವ ಚುಕ್ಕಿಗಳು ಹತ್ತಾರು ಕಂಡರೆ ದೋಷ ಸೆನ್ಸರಿನದು. ಬಿಳಿಯಲ್ಲಿ ಮಬ್ಬು ಕಲೆ ಕಂಡರೆ ಬರೀ ಧೂಳು.

ಒಂದು ಸಲ ದೂರು ನನ್ನ ಮೇಲೆಯೇ ಬಂತು. ನನ್ನ ಹಳೆಯ ಕ್ಯಾಮೆರಾವನ್ನು ಶಿಗ್ಗಾವಿಯ ಗೆಳೆಯನೊಬ್ಬನಿಗೆ ಮಾರಿದ್ದೆ. ಕೆಲವು ವಾರಗಳ ಮೇಲೆ ಅವನು ಕಲೆ ಬಿದ್ದ ಫೋಟೊ ಹಾಕಿ ಬರೆದ: “ಸತ್ತ ಸೆನ್ಸರ್ ಮಾರ್ಯಾನ. ಗೊತ್ತಿದ್ದ ಮಾರ್ಯಾನ.” ಅಂದು ಸಂಜೆಯೊಳಗೆ ನಾಲ್ಕು ತಾಲೂಕಿಗೂ ನಾನು ಮೋಸಗಾರನಾದೆ. ಹಿರೇಕೆರೂರಿನಿಂದ ಕರೆದಿದ್ದ ಮದುವೆ ಕೆಲಸ ಬೇರೆಯವರಿಗೆ ಹೋಯಿತು. ನಮ್ಮ ಕಸುಬಿನಲ್ಲಿ ಹೆಸರು ಹೋದರೆ ಮತ್ತೇನೂ ಉಳಿಯುವುದಿಲ್ಲ.

ಕಾಕಾ ಎಂದಿನಂತೆ ಆ ಎರಡು ಫೋಟೊ ಕೇಳಿದರೇ ಹೊರತು ನನ್ನ ಪರ ಒಂದು ಮಾತು ಹೇಳಲಿಲ್ಲ. ಸಿಟ್ಟಿನಿಂದ ಹಾನಗಲ್ಲಿಗೆ ಹೋಗಿ ಕೇಳಿದೆ.

“ನೀ ನನ್ನ ಕಡೆ ಕಲತಾಂವ. ನಿನ್ನ ಪರ ಬರದ್ರ ಯಾರು ನಂಬ್ತಾರಲೇ? ಅಂವ ಆ ಎರಡ ಫೋಟೊನೂ ಕಳಸವಲ್ಲ. ಐತವಾರ ನಾನ ಹೋಗ್ತೇನಿ. ನೀನೂ ಬಾ, ಬಾಯಿ ಮಾತ್ರ ತಗೀಬ್ಯಾಡ.”

ಶಿಗ್ಗಾವಿಯಲ್ಲಿ ಅವನ ಪಡಸಾಲೆಯಲ್ಲೇ ಕುಳಿತು ಕಾಕಾ ಎರಡೂ ಫೋಟೊ ತೆಗೆದರು. ಕತ್ತಲೆಯದರಲ್ಲಿ ಒಂದೇ ಒಂದು ಕೆಂಪು ಚುಕ್ಕಿ. ಬಿಳಿ ಗೋಡೆಯದರಲ್ಲಿ ತುಂಬ ಕಲೆಗಳು. ಲೆನ್ಸ್ ಬಿಚ್ಚಿ ಒಳಗೆ ನೋಡುತ್ತಿದ್ದಾಗ ಅವನ ತಾಯಿ ಚಹಾ ತಂದರು.

“ತಂದ ದಿನ ನಾನೂ ಹಿಂಗ ಬಿಚ್ಚಿಟ್ಟ ಪೂಜಿ ಮಾಡಿದ್ನಿ ನೋಡ್ರಿ,” ಎಂದರು ಸಂತೋಷದಿಂದ. “ಕ್ಯಾಮೆರಾಕ್ಕ, ಅದರ ಲೆನ್ಸಿಗೆ, ಎರಡಕ್ಕೂ ಬ್ಯಾರೆ ಬ್ಯಾರೆ ಇಬತ್ತಿ ಹಚ್ಚಿ, ಊದಬತ್ತಿ ಬೆಳಗೀನಿ. ಒಂದಕ್ಕ ಮಾಡಿ ಒಂದಕ್ಕ ಬಿಡಬಾರದಲ್ರಿ.”

ಗೆಳೆಯನ ಮುಖ ಕಪ್ಪಿಟ್ಟಿತು. ಸೆನ್ಸರಿನ ಮೇಲೆ ಕೂತದ್ದು ವಿಭೂತಿ. ಕಾಕಾ ತಲೆಯೆತ್ತದೆ, “ಚಲೋ ಮಾಡೀರಿ ಅವ್ವಾರ. ಚಾದಾಗ ಶುಂಠಿ ಭಾಳ ಚಲೋ ಬಿದ್ದೇತಿ ನೋಡ್ರಿ” ಎಂದರು. ಆಕೆ ಒಳಗೆ ಹೋದ ಮೇಲೆ ಬಹಳ ನಿಧಾನವಾಗಿ, ಮಗುವಿನ ಕಿವಿ ಒರೆಸುವಂತೆ, ಸೆನ್ಸರನ್ನು ಶುಚಿ ಮಾಡಿದರು.

ಅಲ್ಲಿಂದಲೇ ಗ್ರೂಪಿಗೆ ಬರೆದರು. “ಕ್ಯಾಮೆರಾ ಕೈಯಾಗ ಹಿಡದ ನೋಡೇನಿ. ಸೆನ್ಸರ್ ಚಲೋ ಐತಿ, ಕಲೆ ಧೂಳಿಂದು. ಒಂದು ಕೆಂಪ ಚುಕ್ಕಿ ಐತಿ, ಅಂಥಾವು ನನ್ನದರಾಗೂ ಅದಾವ. ಮಾರಿದಾಂವ ಮೋಸ ಮಾಡಿಲ್ಲ.” ಯಾರೋ ಕೇಳಿದರು, “ಅಷ್ಟ ಧೂಳ ಎಲ್ಲಿಂದ ಬಂತ್ರಿ ಕಾಕಾ?” “ಗಾಳ್ಯಾಗಿಂದ” ಎಂದು ಹಾಕಿ ಮೊಬೈಲ್ ಜೇಬಿಗಿಟ್ಟರು.

ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ, “ಪೂಜಿ ವಿಷಯಾನೂ ಬರೀಬೇಕಿತ್ರಿ” ಎಂದೆ.

“ನಿನ್ನ ಹೆಸರು ತಿರುಗಿ ಬಂತಿಲ್ಲೋ? ಮತ್ತ ಅಂವಂದ್ಯಾಕ ಕಸ್ಕೋತಿ?”

ಆ ಪೂಜೆಯ ಮಾತು ಅವರ ಬಾಯಿಂದ ಕಡೆಯವರೆಗೂ ಹೊರಬೀಳಲಿಲ್ಲ. ಇಲ್ಲಿ ನಾನು ಬರೆಯುತ್ತಿರುವುದು ಆ ಗೆಳೆಯನ ಒಪ್ಪಿಗೆ ಪಡೆದು.

ನನಗೆ ಕೆಲಸಗಳು ತಿರುಗಿ ಬಂದವು. ಅವನಿಗೆ ಮಾತ್ರ ಗ್ರೂಪಿನವರು ‘ಧೂಳಪ್ಪ’ ಎಂದು ಹೆಸರಿಟ್ಟರು. ಅವನು ಬರೆಯುವುದನ್ನು ಬಿಟ್ಟ. ಕೆಲಸಕ್ಕೆ ಕರೆಯುವವರೂ ಕಡಿಮೆಯಾದರು. ನಾವಿಬ್ಬರೂ ಮಾತು ಬಿಟ್ಟೆವು. ಕಾಕಾ ಸಿಕ್ಕಾಗಲೆಲ್ಲ, “ಶಿಗ್ಗಾವಿಗೆ ಹೋಗಿದ್ಯೇನು?” ಎಂದು ಕೇಳುತ್ತಿದ್ದರು. ನಾನು ಬೇರೆ ಮಾತು ತೆಗೆಯುತ್ತಿದ್ದೆ.

ಈ ಸಲ ಮಳೆ ಹಿಡಿಯುವ ಮೊದಲೇ ಕಾಕಾ ಹೋದರು. ಎದೆನೋವು ಅಂದರಂತೆ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅವರ ಹೊಲದಲ್ಲಿ ಮಣ್ಣಿಗಿಡುವಾಗ ನಾಲ್ಕೂ ತಾಲೂಕಿನ ಫೋಟೊಗ್ರಾಫರುಗಳು ಬಂದಿದ್ದರು. ಯಾರ ಹೆಗಲಿಗೂ ಕ್ಯಾಮೆರಾ ಇರಲಿಲ್ಲ. ಶಿಗ್ಗಾವಿಯ ಗೆಳೆಯನೂ ಬಂದು ಬದುವಿನ ಆಚೆ ಒಬ್ಬನೇ ನಿಂತಿದ್ದ.

“ಧೂಳಪ್ಪ ಬಂದಾನ ನೋಡು,” ಎಂದ ನನ್ನ ಪಕ್ಕದವನು, ನಾನು ನಗುತ್ತೇನೆಂದುಕೊಂಡು.

ನಾನು ಎಲ್ಲರೆದುರಿಗೇ ಬದು ದಾಟಿ ಹೋಗಿ ಅವನ ಹತ್ತಿರ ನಿಂತೆ. ಅವನು ನನ್ನ ಕಡೆ ನೋಡಲಿಲ್ಲ. “ಅವ್ವ ಹ್ಯಾಂಗದಾರ?” ಎಂದು ಕೇಳಿದೆ. “ಅದಾಳ” ಎಂದ. ಮಣ್ಣು ಹಾಕಲು ಕರೆದಾಗ ಇಬ್ಬರೂ ಒಟ್ಟಿಗೇ ಹೋಗಿ ಬಗ್ಗಿದೆವು.