ಮಗಳು ಬಿಟ್ಟುಹೋದ ಕತೆಯ ಹನ್ನೆರಡನೆಯ ಕಂತು

ಮಗಳ ಗೆಳತಿಗೆ ನಾನು ಆ ಮಾತು ಬರೆದು ಕಳಿಸಿದ್ದು ಒಂದು ಮಂಗಳವಾರ ಮಧ್ಯಾಹ್ನ, ಮೆಣಸಿನಕಾಯಿ ಆರಿಸುವ ಕೆಲಸದಲ್ಲಿ ಊಟಕ್ಕೆ ಬಿಟ್ಟ ಹೊತ್ತಿನಲ್ಲಿ. “ಇದರಾಗ ನನ್ನ ಮಗಳು ಎಲ್ಲೂ ಇಲ್ಲ. ನಿನಗ ಬರಿಯಾಕ ಬರಂಗಿಲ್ಲ, ಬಿಟ್ಟುಬಿಡು.” ಇಷ್ಟೇ. ಮೊಬೈಲಿನಲ್ಲಿ ಕನ್ನಡ ಒತ್ತುವುದು ನನಗೆ ನಿಧಾನ. ಒಂದೊಂದೇ ಅಕ್ಷರ ಹುಡುಕುವಷ್ಟು ಹೊತ್ತು ಸಿಕ್ಕರೂ ಸಿಟ್ಟು ಇಳಿಯಲಿಲ್ಲ. ಕಳಿಸಿದ ಮೇಲೆ ಎರಡು ಗೀಟು ನೀಲಿಯಾದವು. ಉತ್ತರ ಬರಲಿಲ್ಲ.

ಆಕೆ ನನಗೆ ಓದಲು ಕಳಿಸಿದ್ದು ಒಂದು ಕತೆಯ ಹನ್ನೆರಡನೆಯ ಕಂತು. ಹಿಂದಿನ ಹನ್ನೊಂದು ಕಂತು ನನ್ನ ಮಗಳು ಬರೆದದ್ದು. ಹೋದ ಮಳೆಗಾಲದಲ್ಲಿ ಜ್ವರ ಬಂದು ಒಂಬತ್ತೇ ದಿನಕ್ಕೆ ಮಗಳು ಹೋದಳು. ಕತೆ ಅಲ್ಲಿಗೇ ನಿಂತಿತು.

ಆ ಕತೆ ಹುಟ್ಟಿದ್ದು ನಾವು ತಾಯಿ ಮಗಳು ಕೂಡಿ ನೋಡುತ್ತಿದ್ದ ಒಂದು ಧಾರಾವಾಹಿಯಿಂದ. ಅದರಲ್ಲಿ ದೊಡ್ಡ ಮನೆಯೊಂದರ ಕಿರಿಯ ಸೊಸೆ ಇದ್ದಳು. ಮಾತು ಕಡಿಮೆ, ಎಲ್ಲರ ಹಿಂದೆ ನಿಂತು ಚಹಾದ ತಟ್ಟೆ ಹಿಡಿಯುವುದೇ ಹೆಚ್ಚು. ಒಂದು ದಿನ ಜಗಳವಾಗಿ ಅವಳನ್ನು ತವರಿಗೆ ಕಳಿಸಿದರು. ಆಮೇಲೆ ಧಾರಾವಾಹಿಯವರು ಅವಳನ್ನು ಮರೆತೇಬಿಟ್ಟರು. ಗಂಡನೂ ಕೇಳಲಿಲ್ಲ. ನನ್ನ ಮಗಳಿಗೆ ಅದು ತಡೆಯಲಿಲ್ಲ. ಅಕಿ ಎಲ್ಲಿಗೆ ಹೋದ್ಲು ಅಂತ ಒಬ್ಬರಾದ್ರೂ ಕೇಳಬೇಕಲ್ಲ ಎಂದು ತಾನೇ ಬರೆಯಲು ಕುಳಿತಳು. ಮೊಬೈಲಿನಲ್ಲಿ ಕತೆ ಹಾಕುವ ಒಂದು ಆ್ಯಪ್‌ನಲ್ಲಿ ಕಂತು ಕಂತಾಗಿ ಹಾಕಿದಳು. ಬೇರೆಯವರ ಕತೆಯಿಂದ ಎಳೆ ಹಿಡಿದು ಹೀಗೆ ಬರೆಯುವುದಕ್ಕೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆಂದು ಅವಳೇ ಹೇಳಿದ್ದಳು. ನಾನು ಮನೆಯಲ್ಲಿ ಮೆಣಸಿನಕಾಯಿ ಆರಿಸುವಾಗ ಪ್ರತಿ ಕಂತನ್ನೂ ಎದುರಿಗೆ ಕುಳಿತು ಓದಿ ಹೇಳುತ್ತಿದ್ದಳು. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಚೆನ್ನಾಗಿದೆ, ಮುಂದೇನು, ಎಂದು ಕೇಳುವುದಷ್ಟೇ ನನ್ನ ಕೆಲಸ.

ಗೆಳತಿ ಮೇಡ್ಲೇರಿಯ ಹುಡುಗಿ. ಹಾವೇರಿಯ ಕಾಲೇಜಿನಲ್ಲಿ ಮಗಳ ಜೊತೆಗೆ ಓದಿದವಳು. ಈಗ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಆ್ಯಪ್‌ನಲ್ಲಿ ಮಗಳ ಖಾತೆಯ ಪಾಸ್‌ವರ್ಡ್ ಅವಳ ಹತ್ತಿರವೂ ಇತ್ತು. ಅರ್ಧಕ್ಕೆ ನಿಂತ ಕತೆಯನ್ನು ಮುಗಿಸುತ್ತೇನೆ, ಹಾಕುವ ಮೊದಲು ನಿಮಗೆ ತೋರಿಸುತ್ತೇನೆ ಎಂದು ತಾನಾಗಿಯೇ ಹೇಳಿ ಕಳಿಸಿದ್ದಳು. ಅದಕ್ಕೆ ನಾನು ಕೊಟ್ಟ ಉತ್ತರವೇ ಮಂಗಳವಾರದ ಆ ಮಾತು.

ಗುರುವಾರ ಬೆಳಿಗ್ಗೆ ಆ್ಯಪ್ ತೆರೆದೆ. ಮಗಳ ಕತೆಯ ಕೆಳಗೆ ಯಾರು ಏನು ಬರೆದಿದ್ದಾರೆ ಎಂದು ನೋಡುವುದು ನನಗೆ ದಿನವೂ ದೇವರಿಗೆ ದೀಪ ಹಚ್ಚಿದಂತೆಯೇ ರೂಢಿಯಾಗಿತ್ತು. ಅಂದು ಕತೆಯ ಮೇಲೆಯೇ ಹೊಸ ಸಾಲುಗಳಿದ್ದವು. ಈ ಕತೆಯನ್ನು ಮುಂದುವರಿಸುವ ಹಕ್ಕು ನನಗಿಲ್ಲ, ಬರೆದವಳ ಮನೆಯವರಿಗೆ ನೋವಾಗಿದೆ, ಭಾನುವಾರ ಸಂಜೆ ಪೂರ್ತಿ ಕತೆಯನ್ನು ಇಲ್ಲಿಂದ ತೆಗೆಯುತ್ತೇನೆ, ಎಂದಿತ್ತು.

ಆ ಹನ್ನೊಂದು ಕಂತು ಪೂರ್ಣ ರೂಪದಲ್ಲಿ ಬೇರೆಲ್ಲೂ ಇರಲಿಲ್ಲ. ಅದನ್ನು ತೆಗೆದಿಟ್ಟುಕೊಳ್ಳುವುದು ಹೇಗೆಂದು ನನಗೆ ಗೊತ್ತಿಲ್ಲ, ಮನೆಯವರಿಗಂತೂ ಮೊದಲೇ ಗೊತ್ತಿಲ್ಲ. ಗೆಳತಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಧ್ಯಾಹ್ನ ಮತ್ತೆ ಮಾಡಿದೆ, ಸಂಜೆ ಮಾಡಿದೆ, ಎತ್ತಲಿಲ್ಲ.

ನನ್ನ ಯಜಮಾನರು ಮೆಣಸಿನಕಾಯಿ ಯಾರ್ಡಿನಲ್ಲಿ ತೂಕದ ಕೆಲಸದವರು. ಮಗಳು ಹೋದಮೇಲೆ ಅವರ ಮಾತು ಅರ್ಧಕ್ಕರ್ಧ ಕಡಿಮೆಯಾಗಿತ್ತು. ನಾನು ಕಳಿಸಿದ ಸಾಲನ್ನು ಅವರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು, ಮೊಬೈಲನ್ನು ಬೋರಲಾಗಿ ಇಟ್ಟರು.

“ಇದನ್ನ ಯಾರರ ನಮ್ಮ ಹುಡುಗಿಗೆ ಅಂದಿದ್ರ ನೀ ಸುಮ್ನ ಇರತಿದ್ದೇನು?” ಎಂದು ಕೇಳಿದರು.

ಉತ್ತರಕ್ಕೂ ಕಾಯದೆ ಎದ್ದು ಸ್ನಾನಕ್ಕೆ ಹೋದರು.

ಭಾನುವಾರ ಬೆಳಿಗ್ಗೆ ನಮ್ಮೂರು ಬ್ಯಾಡಗಿಯಿಂದ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬರುವವರೆಗೂ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಲೇ ಇದ್ದೆ. ಯಾವುದೂ ಸರಿಹೋಗಲಿಲ್ಲ. ಆ ಹುಡುಗಿ ಬಾಗಿಲೇ ತೆರೆಯದಿದ್ದರೆ ಏನು ಮಾಡುವುದು ಎಂಬುದೇ ದೊಡ್ಡ ಚಿಂತೆಯಾಗಿತ್ತು.

ಬಾಗಿಲು ತೆರೆಯಿತು. ಒಂದೇ ಖೋಲಿಯ ಬಾಡಿಗೆ ಮನೆ. ನಮ್ಮ ಮನೆಗೆ ಬಂದಾಗಲೆಲ್ಲ ಅವ್ವಾ ಎನ್ನುತ್ತಿದ್ದ ಹುಡುಗಿ ಆ ದಿನ, “ಬರ್ರಿ ಆಂಟಿ, ಕುಂದ್ರಿ” ಎಂದಳು. ನೀರು ತಂದುಕೊಟ್ಟಳು. ತಾನು ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು.

ಕತೆ ತೆಗೆಯಬೇಡ ಎಂದು ಕೇಳಿಕೊಂಡೆ. ನೀವೇ ಬಿಟ್ಟುಬಿಡು ಅಂದಿರಿ, ಬಿಟ್ಟಿದ್ದೇನೆ, ಎಂದಳು. ನಾನು ಬಿಡು ಅಂದದ್ದು ನಿನ್ನ ಕಂತನ್ನು, ಅವಳದನ್ನಲ್ಲ ಎಂದೆ. ಅಂದ ಮರುಗಳಿಗೆಯೇ ಅದು ಇನ್ನೂ ಕೆಟ್ಟ ಮಾತು ಎಂದು ಗೊತ್ತಾಯಿತು. ಆಕೆಯ ಮುಖ ಬಿಗಿಯಿತು.

“ನಿಮ್ಮ ಮಗಳದೂ ಮೊದಲ ಸಲ ಬರದದ್ದು ಹಿಂಗ ಇರತಿತ್ರಿ. ನೀವು ಅದನ್ನ ನೋಡಿಲ್ಲ. ತಿದ್ದಿ ಮುಗಿಸಿದ್ದನ್ನ ಕೇಳೀರಿ, ಅಷ್ಟ.”

ಟ್ರಂಕಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟಳು. ಮಗಳ ಅಕ್ಷರ. ಅವಳು ಸತ್ತ ಮೇಲೆ ನಾನು ಆ ಕೈಬರಹವನ್ನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಸಾಲುಗಳು ಕಣ್ಣಿಗೆ ನಿಲ್ಲಲಿಲ್ಲ. ನಿಂತಾಗ ಓದಿದೆ. ಮೂರನೆಯ ಕಂತು. ಕಿರಿಯ ಸೊಸೆ ಬಸ್ಸಿನಲ್ಲಿ ಕುಳಿತು ಅಳುತ್ತಾಳೆ. ಒಂದು ಪುಟ ಅಳುತ್ತಾಳೆ, ಇನ್ನೊಂದು ಪುಟವೂ ಅಳುತ್ತಾಳೆ. ಇದು ನಾನು ಕೇಳಿದ ಕಂತಲ್ಲ. ನಾನು ಕೇಳಿದ್ದರಲ್ಲಿ ಅವಳು ಅಳುವುದೇ ಇಲ್ಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ತವರಿನ ಹೆಸರು ಬಾಯಿಗೆ ಬರದೆ, ಅದಕ್ಕಿಂತ ಎರಡು ನಿಲ್ದಾಣ ಹಿಂದಿನ ಊರಿಗೆ ಟಿಕೆಟ್ ತೆಗೆಸುತ್ತಾಳೆ. ಅದನ್ನು ಕೇಳಿದ ದಿನ ನನ್ನ ಕೈಯಲ್ಲಿದ್ದ ಮೆಣಸಿನಕಾಯಿ ಕೈಯಲ್ಲೇ ಉಳಿದಿತ್ತು.

ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗೆಳತಿ ಬರೆದಿದ್ದಳು. ‘ಕಿಟಕಿ ಹತ್ರ ಕುಂತದ್ದು ಕಣ್ಣಿಗೆ ಕಾಣಸ್ತು. ಕಂಡಕ್ಟರ್ ಬಂದಾಗ ಯಾವ ಊರು ಅಂದ್ಲು? ಅದು ನನಗ ಗೊತ್ತಾದ್ರ ಅಳೂದು ಇಷ್ಟು ಬೇಕಾಗಂಗಿಲ್ಲ ಅನಸ್ತೈತಿ.’ ಅದರ ಕೆಳಗೆ ಮಗಳ ಅಕ್ಷರ: ‘ಖರೇ ಐತಿ. ಎರಡು ದಿನ ತಡಿ.’

ನೋಟ್‌ಬುಕ್ಕಿನ ತುಂಬ ಹೀಗೆಯೇ ಇತ್ತು. ಹಾವೇರಿಯ ಬಸ್ ನಿಲ್ದಾಣದಲ್ಲಿ ಇಬ್ಬರೂ ಅದನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರಂತೆ. ಎಲ್ಲೂ ಚೆನ್ನಾಗಿಲ್ಲ ಎಂಬ ಮಾತಿರಲಿಲ್ಲ. ಹಾಗೆಂದು ಬರಿಯ ಹೊಗಳಿಕೆಯೂ ಇರಲಿಲ್ಲ. ಎಲ್ಲಿ ತನಗೆ ಕಂಡಿತು, ಎಲ್ಲಿ ಕಾಣದೆ ಹೋಯಿತು ಎಂದು ಹೇಳಿ, ಒಂದು ಪ್ರಶ್ನೆ ಕೇಳಿ ಬಿಟ್ಟಿದ್ದಳು.

ಆಮೇಲೆ ಆಕೆ ನನಗೆ ಗೊತ್ತಿರದ ಇನ್ನೊಂದು ಸಂಗತಿ ಹೇಳಿದಳು. ಐದನೆಯ ಕಂತಿಗೆ ಯಾರೋ ಓದುಗರು, ಇದನ್ನು ಬರೆಯುವುದಕ್ಕಿಂತ ರೊಟ್ಟಿ ಬಡಿಯುವುದನ್ನು ಕಲಿ ಎಂದು ಬರೆದಿದ್ದರಂತೆ. ಮಗಳು ತಿಂಗಳಿಡೀ ಪೆನ್ನು ಮುಟ್ಟಲಿಲ್ಲ. ನನಗೆ ಪರೀಕ್ಷೆ ಇದೆ ಎಂದು ಹೇಳಿದ್ದಳು. ನಾನು ನಂಬಿದ್ದೆ. ಓದುತ್ತಾಳೆಂದು ಹಾಲು ಕಾಯಿಸಿಕೊಟ್ಟಿದ್ದೆ.

“ಅಕಿಗೆ ನಾ ಇದ್ದೆ. ಒಂದು ತಿಂಗಳು ಬೆನ್ನ ಹತ್ತಿ ಬರಿಸಿದೆ. ನನಗ ಯಾರದಾರ್ರಿ?” ಎಂದಳು. ದನಿ ಎತ್ತಲಿಲ್ಲ.

ನಾನು ನೋಟ್‌ಬುಕ್ ನೋಡುತ್ತ ಕುಳಿತೆ. ಇಪ್ಪತ್ತು ವರ್ಷದಿಂದ ನಾನು ಮೆಣಸಿನಕಾಯಿ ಆರಿಸಿದ್ದೇನೆ. ಮುಂದೆ ರಾಶಿ ಸುರಿದರೆ ಕೈ ತಾನಾಗಿ ಬೆಳ್ಳಗಾದ ಕಾಯಿಗೆ ಹೋಗುತ್ತದೆ, ಮಚ್ಚೆ ಬಿದ್ದದ್ದಕ್ಕೆ ಹೋಗುತ್ತದೆ. ಒಳ್ಳೆಯ ಕಾಯಿಯನ್ನು ನಾವು ಮುಟ್ಟುವುದಿಲ್ಲ. ಅದು ಅಲ್ಲೇ ಉಳಿಯುತ್ತದೆ, ಅದೇ ಅದರ ಗುರುತು. ಕೆಲಸಕ್ಕೆ ಅದು ಸರಿ. ಆದರೆ ನಾನು ಈ ಹುಡುಗಿಯ ಕಂತನ್ನೂ ಅದೇ ಕೈಯಿಂದ ಓದಿದ್ದೆ. ಕೆಟ್ಟ ಜಾಗಗಳು ನಾಲ್ಕು ಸಿಕ್ಕಿದ್ದವು, ನಾಲ್ಕೂ ಖರೇ ಕೆಟ್ಟವೇ. ಉಳಿದದ್ದರ ಬಗ್ಗೆ ಒಂದು ಮಾತಾಡಬೇಕೆಂದು ನನಗೆ ಹೊಳೆಯಲೇ ಇಲ್ಲ. ಮೇಲಾಗಿ, ಆ ನಾಲ್ಕು ಯಾವುವೆಂದೂ ಹೇಳದೆ ಇಡೀ ರಾಶಿಯನ್ನೇ ಬೀದಿಗೆ ಚೆಲ್ಲಿದ್ದೆ.

ತಪ್ಪಾಯಿತು ಎಂದೆ. ಆ ಕಂತನ್ನು ಇನ್ನೊಮ್ಮೆ ಓದಿ ಹೇಳುತ್ತೀಯಾ, ನಾನು ಕೇಳುತ್ತೇನೆ ಎಂದೆ. ಆಕೆ ಚಾಪೆಯ ಮೇಲೆ, ನನ್ನಿಂದ ಸ್ವಲ್ಪ ದೂರದಲ್ಲಿ ಕುಳಿತು ಮೊಬೈಲ್ ತೆಗೆದಳು. ಓದುವಾಗ ಒಮ್ಮೆಯೂ ತಲೆ ಎತ್ತಲಿಲ್ಲ. ಮುಗಿದ ಮೇಲೂ ಎತ್ತಲಿಲ್ಲ.

“ಹೇಳ್ರಿ. ಏನರ ಅನ್ರಿ, ಅನ್ನಿಸ್ಕೊಂತೇನಿ.”

ಇಷ್ಟು ಹೆದರಿ ಮಾತಾಡಿದ್ದು ನೆನಪಿಲ್ಲ. ಒಂದು ತಪ್ಪು ಮಾತು ಬಿದ್ದರೆ ಸಂಜೆಗೆ ನನ್ನ ಮಗಳ ಕತೆ ಇರುವುದಿಲ್ಲ, ಈ ಹುಡುಗಿಯೂ ಇನ್ನು ಬರೆಯುವುದಿಲ್ಲ.

ಮೊದಲು ನನಗೆ ಕಂಡದ್ದನ್ನು ಹೇಳಿದೆ. ಸೊಸೆ ತವರಿನ ಬಾಗಿಲಿಗೆ ಬಂದು, ಚಪ್ಪಲಿಯನ್ನು ಹೊರಗೆ ಬಿಡಲೋ ಒಳಗಿನ ಮೂಲೆಗೆ ಇಡಲೋ ತಿಳಿಯದೆ ಕೈಯಲ್ಲಿ ಹಿಡಿದು ನಿಲ್ಲುವ ಜಾಗ. ಎರಡು ದಿನಕ್ಕೆ ಬಂದವಳು ಹೊರಗೆ ಬಿಡುತ್ತಾಳೆ, ಇರಲು ಬಂದವಳು ಒಳಗಿಡುತ್ತಾಳೆ. ಈಗ ಅದನ್ನು ಕೇಳುವಾಗ ನಾನು ಉಸಿರು ಹಿಡಿದಿದ್ದೆ, ಮಂಗಳವಾರ ಓದುವಾಗಲೂ ಹಿಡಿದಿದ್ದೆ ಎಂದೆ. ಆಕೆ ನನ್ನನ್ನು ನೋಡಿದಳು.

ಆಮೇಲೆ ಕೇಳಿದೆ. ಸೊಸೆಯ ಅವ್ವ ಬಾಗಿಲಿಗೆ ಬಂದ ಕೂಡಲೇ ಅಪ್ಪಿಕೊಂಡು ಅಳುತ್ತಾಳೆ ಎಂದು ಬರೆದಿದ್ದೀಯ. ಎದುರುಮನೆಯವರು ಕಟ್ಟೆಯ ಮೇಲೆ ಕುಳಿತಿರುತ್ತಾರೆ. ಅವರ ಎದುರಿಗೆ ತಾಯಿ ಮೊದಲು ಏನು ಮಾಡುತ್ತಾಳೆ? ಆಕೆ ಯೋಚಿಸಿದಳು. ಬ್ಯಾಗು ಒಳಗೆ ಎಳೆದುಕೊಳ್ಳುತ್ತಾಳೆ ಎಂದಳು. ಪೆನ್ಸಿಲ್ ಹುಡುಕಿ ಬರೆದುಕೊಂಡಳು. ಇನ್ನೊಂದೆರಡು ಜಾಗ ಹೀಗೆಯೇ ನಡೆಯಿತು. ಒಂದನ್ನು ಒಪ್ಪಲಿಲ್ಲ, ಅದು ಹಾಗೆಯೇ ಇರಬೇಕು ಎಂದಳು. ಇರಲಿ ಎಂದೆ.

ದೊಡ್ಡ ಮಾತು ಉಳಿದಿತ್ತು. ಮಂಗಳವಾರ ನನ್ನನ್ನು ಸಿಟ್ಟಿಗೆಬ್ಬಿಸಿದ್ದು ಅದೇ. ಮಗಳು ಬಳಸುತ್ತಿದ್ದ ಪದಗಳು, ಮಗಳ ಸಾಲುಗಳ ತಿರುವು, ಅವಳು ನಗಿಸುತ್ತಿದ್ದ ರೀತಿ, ಎಲ್ಲವನ್ನೂ ಈ ಹುಡುಗಿ ತಂದು ಜೋಡಿಸಿದ್ದಳು. ಸತ್ತವಳ ಸೀರೆ ಉಟ್ಟು ಯಾರೋ ಮುಂದೆ ಸುಳಿದಾಡಿದ ಹಾಗೆ ಆಗಿತ್ತು ನನಗೆ.

“ಚಪ್ಪಲಿ ಹಿಡಕೊಂಡು ನಿಂತದ್ದು ನಿಂದ ಐತಿ,” ಎಂದೆ. “ಅಕಿ ಅದನ್ನ ಬರೀತಿದ್ದಿಲ್ಲ. ಉಳಿದ ಕಡೆ ಅಕಿ ಹಾಂಗ ಬರಿಯಾಕ ಹೋಗೀದಿ. ಅಲ್ಲೆ ನನಗ ಒಳಗ ಹೋಗಾಕ ಆಗವಲ್ದು. ನಿನ್ನ ಹಾಂಗ ಬರಿ.”

ಪೆನ್ಸಿಲ್ ನಿಂತಿತು.

“ನನ್ನ ಹಾಂಗ ಬರದ್ರ ಅಕಿ ಹೋದ್ಲು ಅಂತ ಆಗತೈತಲ್ರಿ.”

“ಹೋಗ್ಯಾಳ,” ಎಂದೆ.

ಮಗಳು ಹೋದಂದಿನಿಂದ ಬಂದವರೆಲ್ಲ ಅದನ್ನು ಹೇಳಿದ್ದರು. ನನ್ನ ಬಾಯಿಂದ ಅದು ಬಂದದ್ದು ಅದೇ ಮೊದಲು. ಆಕೆ ಎದ್ದು ಅನ್ನಕ್ಕೆ ಇಟ್ಟಳು. ಊಟ ಮಾಡಿದೆವು. ನಾನು ಹೊರಡುವ ಮುಂಚೆ, ಕತೆ ತೆಗೆಯುತ್ತೇನೆಂದು ಹಾಕಿದ್ದ ಸಾಲುಗಳನ್ನು ಅಳಿಸಿ, ಅಳಿಸಿದ್ದನ್ನು ನನಗೆ ತೋರಿಸಿದಳು. ಹನ್ನೊಂದನೆಯ ಕಂತಿನ ಕೊನೆಗೆ, ಇಲ್ಲಿಯವರೆಗೆ ಬರೆದವಳು ಈಗಿಲ್ಲ, ಮುಂದಿನದನ್ನು ಅವಳ ಗೆಳತಿ ಬರೆಯುತ್ತಾಳೆ, ಎಂದು ಸೇರಿಸಿದಳು. ಸರಿಯೇ ಎಂದು ಕೇಳಿದಳು. ತಲೆಯಾಡಿಸಿದೆ. ಬಸ್ಸಿನಲ್ಲಿ ಊರು ಬರುವವರೆಗೂ ಸೆರಗು ಬಾಯಿಗೆ ಒತ್ತಿಕೊಂಡೇ ಕುಳಿತಿದ್ದೆ.

ಹತ್ತು ದಿನದ ಮೇಲೆ ಹೊಸ ಹನ್ನೆರಡನೆಯ ಕಂತು ಬಂತು. ನಾನು ಎರಡು ಸಲ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ತಾಯಿ ಬ್ಯಾಗು ಎಳೆದುಕೊಳ್ಳುವಲ್ಲಿ ಅವರು ಹೂಂ ಎಂದರು. ಇಡೀ ಕಂತಿನಲ್ಲಿ ಮಗಳ ಒಂದು ಪದವೂ ಇರಲಿಲ್ಲ. ಹುಡುಕಿದ್ದು ಸುಳ್ಳಲ್ಲ.

ಮರುದಿನ ಕೆಳಗೆ ಒಬ್ಬರು ಬರೆದಿದ್ದರು, ಮೊದಲಿನವಳ ರುಚಿ ಇದರಲ್ಲಿ ಇಲ್ಲ ಎಂದು. ಸ್ವಲ್ಪ ಹೊತ್ತಿಗೆ ಗೆಳತಿಯ ಫೋನ್ ಬಂತು.

“ನೋಡಿದ್ರ್ಯಾ?” ಎಂದಳು. ದನಿ ಸಣ್ಣಗಿತ್ತು.

“ನೋಡೇನಿ. ಖರೇನ ಬರದಾರ, ನೀ ಮೊದಲಿನಾಕಿ ಅಲ್ಲ,” ಎಂದೆ. “ಅವರವ್ವ ಬಾಗಿಲ ಹಾಕಿದ ಮ್ಯಾಲೆ ಇಬ್ಬರೂ ಎಲ್ಲಿ ಕುಂತ್ರು? ಅದನ್ನ ಲಗೂ ಬರದು ಕಳಸು.”