ಭೂಗೋಳದ ಮೆಹರುನ್ನಿಸಾ ಅಕ್ಕೋರು

ಜಮಖಾನ ಹೆಗಲಿಗೇರಿಸಿಕೊಂಡು ಪಾಠಕ್ಕೆ ಹೋಗುವ ಶಿಕ್ಷಕಿಯನ್ನು ನಾನು ಕಂಡದ್ದು ಬ್ಯಾಡಗಿಯಲ್ಲಿ ಮಾತ್ರ. ಮೆಹರುನ್ನಿಸಾ ಅಕ್ಕೋರು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು, ನಾನು ಕನ್ನಡ. ರಾಣೆಬೆನ್ನೂರಿನಿಂದ ದಿನಾ ಒಂದೇ ಬಸ್ಸಿಗೆ ಬರುತ್ತಿದ್ದೆವು. ಕಿಟಕಿ ಪಕ್ಕದ ಸೀಟನ್ನು ಮಾತ್ರ ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ‘ಕರಿ ಎರಿಮಣ್ಣು ಮುಗದು ಕೆಂಪು ಮಣ್ಣು ಬಂತು, ನೋಡು’ ಎಂದು ನನ್ನ ನಿದ್ದೆ ಕೆಡಿಸುವರು.

ತರಗತಿಯಲ್ಲಿ ಜಮಖಾನ ಹಾಸಿ ಗೋಡೆಗೆ ಒತ್ತಿ ನೂಕುವರು. ಬಾಗಿಲಲ್ಲಿ ನಿಂತು ನಾನೂ ನೋಡಿದ್ದೇನೆ.

‘ಇದು ನಮ್ಮ ಭಾರತದ ಭೂಫಲಕ. ಉತ್ತರಕ್ಕ ಸರಿಯಾಕತ್ತೈತಿ. ಗ್ವಾಡಿ ಏಷ್ಯಾದ್ದು, ದಾರಿ ಬಿಡವಲ್ದು. ನಡುವ ಮಡಚಿ ಎದ್ದದ್ದ ಹಿಮಾಲಯ.’

‘ನಮ್ಮೂರೂ ನಡುಗತೈತೇನ್ರಿ?’ ಮೋಟೆಬೆನ್ನೂರಿನ ಗಿರಿಜಾ ಕೇಳಿದಳು.

‘ಇಲ್ಲವ್ವ. ನಮ್ಮದು ಹಳೇ ಗಟ್ಟಿ ಕಲ್ಲು. ಅಂಚಿನ್ಯಾಗಿನವರು ಅಂಜಬೇಕು.’

ತೊಂಬತ್ತಮೂರರಲ್ಲಿ, ನಮ್ಮಂತೆಯೇ ಅಂಚಿನಿಂದ ದೂರವಿದ್ದ ಲಾತೂರಿನ ಕಡೆ ಭೂಮಿ ನಡುಗಿ ಊರೂರೇ ಕುಸಿದವು. ಗಿರಿಜಾಳ ಚಿಕ್ಕಮ್ಮನನ್ನು ಆ ಕಡೆ ಕೊಟ್ಟಿದ್ದರು. ಕಲ್ಲಿನ ಗೋಡೆ ಮೈಮೇಲೆ ಬಿದ್ದು ಸತ್ತಳು. ಎರಡು ವಾರ ಬಿಟ್ಟು ಶಾಲೆಗೆ ಬಂದ ಹುಡುಗಿ ಎದ್ದು ನಿಂತು, ‘ಗಟ್ಟಿ ಕಲ್ಲು ಅಂದಿದ್ರಲ್ರೀ ಅಕ್ಕೋರ’ ಎಂದಳಂತೆ.

ಆ ಸಂಜೆ ಅಕ್ಕೋರು ಮೋಟೆಬೆನ್ನೂರಿನಲ್ಲೇ ಬಸ್ಸಿಳಿದರು. ನಾನೂ ಇಳಿದೆ. ಗಿರಿಜಾಳ ತಾಯಿಯ ಮುಂದೆ ಕೂತು ಅವರೆಂದರು: ‘ನಾ ಅರ್ಧಾ ಕಲಿಸಿದ್ದೆನವ್ವ. ಫಲಕದ ಅಂಚಿನ್ಯಾಗ ನೂಕಿದ್ದು ಒಳಗಿನ ಹಳೇ ಬಿರುಕಿಗೂ ಮುಟ್ಟತೈತಿ. ಅದನ್ನ ಹೇಳಲಿಲ್ಲ.’

‘ಹೇಳಿದ್ರ ನಮ್ಮ ತಂಗಿ ಉಳೀತಿದ್ಲೇನ್ರಿ?’

‘ಇಲ್ಲ.’

ತಾಯಿ, ‘ಭಾಳ ತ್ರಾಸ ಆಗಿರತೈತೇನ್ರಿ ಆಕಿಗೆ?’ ಎಂದಳು.

ಸಮಾಧಾನದ ಮಾತೊಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕೋರು, ‘ನನಗ ಗೊತ್ತಿಲ್ಲವ್ವ’ ಎಂದು ಮುಂದೆ ಸರಿದು ಅವಳ ಕೈ ಹಿಡಿದುಕೊಂಡರು. ಆಗ ಆಕೆ ಅತ್ತಳು. ತಂಗಿ ಹೋದ ಮೇಲೆ ಅವ್ವ ಅತ್ತದ್ದು ಅದೇ ಮೊದಲು ಎಂದು ಗಿರಿಜಾ ಮರುದಿನ ಹೇಳಿದಳು.

ಮುಂದೆ ನನಗೆ ಹಾವೇರಿಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಅಕ್ಕೋರ ಕಾಗದ ಬರುತ್ತಿತ್ತು. ಅದರಲ್ಲೂ ಮಳೆ, ಮಣ್ಣಿನದೇ ಮಾತು. ತೊಂಬತ್ತೇಳರಲ್ಲಿ ಅಕ್ಕೋರು ತೀರಿಕೊಂಡರೆಂಬ ಸುದ್ದಿ ತಿಳಿದು ರಾಣೆಬೆನ್ನೂರಿಗೆ ಓಡಿದೆ. ನಾನು ಮುಟ್ಟುವಷ್ಟರಲ್ಲಿ ಗಂಡಸರು ಮಣ್ಣು ಮಾಡಿ ಬಂದಿದ್ದರು. ಒಳಗೆ ಉರ್ದುವಿನಲ್ಲಿ ದುಃಖ ತೋಡಿಕೊಳ್ಳುತ್ತಿದ್ದ ಹೆಂಗಸರ ನಡುವೆ, ಒಂದು ಮಾತೂ ತಿಳಿಯದೆ, ಗಿರಿಜಾಳ ತಾಯಿ ಕೂತಿದ್ದಳು. ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳಂತೆ.