ಹಿಂಗೈಯ ಚೀಫ್ ಸಾರ್

ಚೀಫ್ ಸಾರ್ ಏನನ್ನೇ ಮುಟ್ಟಿದರೂ ಹಿಂಗೈಯಿಂದಲೇ ಮುಟ್ಟುತ್ತಿದ್ದರು. ಕಾಫಿ ಲೋಟ, ನನ್ನ ಸ್ಕೂಟರಿನ ಎಂಜಿನ್, ಜ್ವರ ಬಂದ ನನ್ನ ಮಗಳ ಹಣೆ, ಕೊನೆಗೆ ಹೋಟೆಲಿನವನು ಬಿಸಿ ಇದೆ ಎಂದು ಆಣೆ ಮಾಡಿ ತಂದಿಟ್ಟ ಇಡ್ಲಿಯನ್ನು ಕೂಡ. ಬೆರಳು ಮಡಿಸಿ, ಕೈಯ ಹಿಂಬದಿ ತಾಗಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುವರು. ಇಡ್ಲಿ ತಣ್ಣಗಿದ್ದರೆ ಆವತ್ತು ಮಾಣಿಯ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ.

ಹೆಸರು ಶ್ರೀಕಂಠಯ್ಯ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ದುಡಿದು, ಚೀಫ್ ಎಂಜಿನಿಯರಾಗಿ ನಿವೃತ್ತರಾಗಿ, ಸಮುದ್ರದ ಗಾಳಿಯೂ ಸುಳಿಯದ ಬಸವೇಶ್ವರನಗರದಲ್ಲಿ ಮನೆ ಮಾಡಿದ್ದರು. ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್. ದೋಣಿ, ಹಡಗುಗಳ ಡೀಸೆಲ್ ಎಂಜಿನ್ನಿನಲ್ಲಿ ತಿರುಗುವ ದಂಡವನ್ನು ಹೊತ್ತು ಸವೆದ ಬೇರಿಂಗುಗಳು ಮಂಗಳೂರಿನಿಂದ ಲಾರಿಯಲ್ಲಿ ಬರುತ್ತವೆ. ಹಳೆಯ ಲೋಹ ಕರಗಿಸಿ ತೆಗೆದು, ಒಳಮೈಗೆ ಹೊಸ ಬಿಳಿ ಲೋಹ ಎರೆದು ಕಳಿಸುತ್ತೇವೆ. ನಾನು ಸಮುದ್ರ ಕಂಡದ್ದು ಎರಡೇ ಸಲ. ಒಂದು ದಿನ ನಮ್ಮ ಬೋರ್ಡ್ ಓದಿಕೊಂಡು ಒಳಗೆ ಬಂದ ಸಾರ್, "ಏನಯ್ಯ, ಹಡಗಿನ ಬೇರಿಂಗ್ ಮಾಡ್ತೀಯಂತೆ. ಹಡಗು ಹತ್ತಿದೀಯಾ?" ಎಂದರು. ಇಲ್ಲ ಎಂದೆ. "ಹಾಗಾದ್ರೆ ನಾನು ದಿನಾ ಬರ್ತೀನಿ ಬಿಡು" ಎಂದರು. ಏಳು ವರ್ಷ ಬಂದರು.

ಹಿಂಗೈಯ ಗುಟ್ಟು ಆಮೇಲೆ ತಿಳಿಯಿತು. ಹಡಗಿನಲ್ಲಿ ಎಂಜಿನ್ ನಿಲ್ಲಿಸಿದ ಮೇಲೆ ಅದರ ಹೊಟ್ಟೆಯೊಳಗೆ ಇಳಿದು ಒಂದೊಂದೇ ಬೇರಿಂಗನ್ನು ಹಾಗೆ ಮುಟ್ಟಿ ನೋಡಬೇಕಂತೆ. "ಅಂಗೈ ದುಡಿದು ದುಡಿದು ಮರಗಟ್ಟಿರುತ್ತೆ ಮಾದೇವ, ಅದನ್ನ ನಂಬಬೇಡ. ಬಿಸಿ ಇರೋದು ತಪ್ಪಲ್ಲ ಕಣಯ್ಯ, ಪಕ್ಕದವನಿಗಿಂತ ಬಿಸಿ ಇದ್ರೆ ಅಲ್ಲಿ ಏನೋ ಕಷ್ಟ ಇದೆ ಅಂತ." ಇದನ್ನು ಅವರು ಬೇರಿಂಗಿಗೆ ಮಾತ್ರ ಹೇಳಿದ್ದಲ್ಲ. ನಮ್ಮ ಕುಲುಮೆಯ ಕೆಂಪಣ್ಣ ಒಂದು ವಾರ ಎಲ್ಲರ ಮೇಲೂ ಹರಿಹಾಯುತ್ತಿದ್ದಾಗ ನಾನು ಅವನನ್ನು ಕೆಲಸದಿಂದ ತೆಗೆಯುವುದರಲ್ಲಿದ್ದೆ. ಸಾರ್ ಅವನನ್ನು ಟೀ ಅಂಗಡಿಗೆ ಕರೆದೊಯ್ದರು. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆಂದು ನಮಗೆ ಗೊತ್ತಾದದ್ದು ಆಗ.

ಅವರ ಎಡ ಹುಬ್ಬು ಅರ್ಧ ಇರಲಿಲ್ಲ. ಕೇಳಿದಾಗ ಒಮ್ಮೆ ಮಾತ್ರ ಹೇಳಿದರು. ಬೇರಿಂಗ್ ಕಾದು ಎಂಜಿನ್ ನಿಲ್ಲಿಸಿದರೆ ಕನಿಷ್ಠ ಅರ್ಧ ಗಂಟೆ ಅದರ ಬಾಗಿಲು ತೆಗೆಯಬಾರದು. ಒಳಗೆ ಎಣ್ಣೆಯ ಹಬೆ ತುಂಬಿರುತ್ತದೆ, ಹೊರಗಿನ ಗಾಳಿ ಸೋಕಿದರೆ ಹತ್ತಿಕೊಳ್ಳುತ್ತದೆ. "ಹತ್ತು ನಿಮಿಷಕ್ಕೇ ತೆಗೆದವನು ನನ್ನ ಫ್ರೆಂಡು. ನಾನು ಹಿಂದೆ ನಿಂತಿದ್ದೆ, ಹುಬ್ಬು ಹೋಯ್ತು. ಅವನನ್ನ ಅವರಮ್ಮನ ಹತ್ತಿರ ತಗೊಂಡ್ಹೋಗಿ ಒಪ್ಪಿಸಿದವನೂ ನಾನೇ." ಅಂದಿನಿಂದ ಅವರಿಗೆ ಕಾಯುವುದೇ ಧರ್ಮವಾಯಿತು. ನಾನು ಫೋನಿನಲ್ಲಿ ಹೆಂಡತಿಯ ಜೊತೆ ಜಗಳವಾಡಿ ಮತ್ತೆ ಡಯಲ್ ಮಾಡಹೊರಟರೆ ಫೋನ್ ಕಿತ್ತುಕೊಳ್ಳುವರು. "ಆರಲಿ ಕಣೋ. ಕಾದಿರೋವಾಗ ಬಾಗಿಲು ತೆಗೀಬಾರದು."

ನನ್ನದು ಹುಟ್ಟಾ ಮುಂಗೋಪ. ಕಳೆದ ವರ್ಷ ಒಂದು ಮೀನುಗಾರಿಕೆ ದೋಣಿಯ ಆರು ಬೇರಿಂಗುಗಳು ಬಂದಿದ್ದವು. ಹೊಸ ಲೋಹ ಸರಿಯಾಗಿ ಕಚ್ಚಿದೆಯೇ ಎಂದು ನೋಡಲು ಸಾರ್ ಅವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಒರೆಸಿ, ಅಂಚಿಗೆ ಸುಣ್ಣದ ಪುಡಿ ಬಳಿದು ಕಾಯುತ್ತಿದ್ದರು. ಎಲ್ಲಾದರೂ ಬಿಟ್ಟುಕೊಂಡಿದ್ದರೆ ಅಡಗಿದ ಎಣ್ಣೆ ಜಿನುಗಿ ಬಿಳುಪಿನ ಮೇಲೆ ಕಲೆ ಮೂಡುತ್ತದೆ. ನಾಲ್ಕನೆಯದರಲ್ಲಿ ಕೂದಲೆಳೆಯಷ್ಟು ಕಲೆ ಮೂಡಿತು. "ಇದನ್ನ ಮತ್ತೆ ಎರೀಬೇಕು" ಎಂದರು. ದೋಣಿಯವನು ಬೆಳಗಿನಿಂದ ಫೋನ್ ಮಾಡುತ್ತಲೇ ಇದ್ದ, ಲಾರಿ ಬಾಗಿಲಲ್ಲಿತ್ತು. ಒರೆಸಿದ್ದು ಸಾಲದೆ ಉಳಿದ ಎಣ್ಣೆ ಎಂದು ನಾನು. ಅಲ್ಲ ಎಂದು ಅವರು. ಕೊನೆಗೆ ನಾನು ಸುಣ್ಣವನ್ನು ಬಟ್ಟೆಯಿಂದ ಒರೆಸಿ ಹಾಕಿ, ಎಲ್ಲರ ಎದುರಿಗೇ ಕೂಗಿದೆ: "ನಿಮ್ ಹಡಗು ಮುಗಿದು ಎಷ್ಟೋ ವರ್ಷ ಆಯ್ತು ಸಾರ್. ಇದು ನನ್ ಶಾಪು!"

ಅವರು ಕೈಗಂಟಿದ ಸುಣ್ಣ ಒರೆಸಿಕೊಂಡು, ಸ್ಟೂಲನ್ನು ಗೋಡೆಗೆ ಸರಿಸಿಟ್ಟು, ಹೋದರು.

ಲಾರಿ ಹೋದ ಅರ್ಧ ಗಂಟೆಗೆ ನನ್ನ ಕೋಪ ಇಳಿದಿತ್ತು. ಆದರೆ ನಾಲಿಗೆಗಿದ್ದ ಚುರುಕು ಕಾಲಿಗೆ ಬರಲಿಲ್ಲ. ಅವರ ಮನೆ ಎರಡೇ ಸ್ಟಾಪ್ ದೂರ. ನಾಳೆ ಅವರೇ ಬರುತ್ತಾರೆ ಎಂದುಕೊಂಡೆ. ಬರಲಿಲ್ಲ. ಅಮಾವಾಸ್ಯೆ ಕಳೆಯಲಿ ಎಂದುಕೊಂಡೆ. ಅವರು ಮುನಿಸಿಕೊಂಡಿದ್ದಾರೆ ಎಂದು ನಾನೇ ತೀರ್ಮಾನಿಸಿ, ಆ ಮುನಿಸಿಗೆ ಪ್ರತಿಯಾಗಿ ನಾನೂ ಮುನಿಸಿಕೊಂಡೆ. ಬಸ್ಸು ನಿಂತ ಸದ್ದಾದಾಗಲೆಲ್ಲ ಮಾತ್ರ ಗೇಟಿನತ್ತ ನೋಡುತ್ತಿದ್ದೆ.

ಹದಿನೆಂಟನೆಯ ದಿನ ನಾಲ್ಕನೇ ಬೇರಿಂಗು ವಾಪಸ್ಸು ಬಂತು. ಲೋಹ ಹಪ್ಪಳದ ಹಾಗೆ ಎದ್ದಿತ್ತು, ಅವರು ತೋರಿಸಿದ ಜಾಗದಲ್ಲೇ. ಎಣ್ಣೆಯ ಒತ್ತಡ ಇಳಿದದ್ದನ್ನು ನೋಡಿ ದೋಣಿಯವರು ದಡಕ್ಕೆ ತಿರುಗಿದ್ದರಿಂದ ಯಾರಿಗೂ ಏನೂ ಆಗಿರಲಿಲ್ಲ. ಇದನ್ನೇ ಹಿಡಿದುಕೊಂಡು ಭಾನುವಾರ ಹೋಗಿ ಕಾಲಿಗೆ ಬೀಳುತ್ತೇನೆ ಎಂದು ಹೆಂಡತಿಗೆ ಹೇಳಿದೆ. ಶುಕ್ರವಾರ ಬೆಳಿಗ್ಗೆ ಅವರ ಹೆಂಡತಿ ಕಮಲಮ್ಮನವರ ಫೋನ್ ಬಂತು. ಸಾರ್ ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟಿದ್ದರು.

ನಾನು ಹೋದಾಗ ಇಸ್ತ್ರಿ ಮಾಡಿದ ಅಂಗಿಯಲ್ಲೇ ಮಲಗಿಸಿದ್ದರು. ಕಮಲಮ್ಮ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ದಿನಾ ಬೆಳಿಗ್ಗೆ ಶರ್ಟ್ ಹಾಕ್ಕೊಂಡು ರೆಡಿಯಾಗಿ ಕೂತ್ಕೋತಿದ್ರು ಕಣಪ್ಪ. ಹೋಗ್ಬನ್ನಿ ಅಂದ್ರೆ, 'ಹುಡುಗ ಇನ್ನೂ ಕಾದಿದಾನೆ ಕಮಲಾ, ಆರಲಿ. ಈಗ ಹೋದ್ರೆ ಅವನಿಗೇ ಏಟು' ಅನ್ನೋರು. ಅರ್ಧ ಗಂಟೆ ಸಾಕು ಅಂತಿದ್ರಲ್ಲ ಅಂದೆ. 'ಅದು ಎಂಜಿನ್‌ಗೆ ಕಣೇ. ಮನುಷ್ಯರಿಗೆ ಎಷ್ಟು ಹೊತ್ತು ಅಂತ ಯಾವ ಪುಸ್ತಕದಲ್ಲೂ ಬರೆದಿಲ್ಲ' ಅಂದ್ರು."

ನಾನು ಬೆರಳು ಮಡಿಸಿ, ಕೈಯ ಹಿಂಬದಿಯನ್ನು ಅವರ ಹಣೆಗೆ ತಾಗಿಸಿದೆ. ತಣ್ಣಗಿತ್ತು.

ನಾನು ಅವತ್ತು ಸಂಜೆಯೇ ಆರಿಹೋಗಿದ್ದೆ ಸಾರ್. ಒಂದೇ ಒಂದು ಸಲ ಬಂದು ಮುಟ್ಟಿ ನೋಡಬೇಕಿತ್ತು ನೀವು.